ಇಬ್ಬರೂ ಒಪ್ಪಿ ಬಿಟ್ಟರೆ ತಪ್ಪು ಯಾರದು?

ನಮ್ಮ ಕಡೆ ಒಂದು ಮದುವೆ ಮುರಿದರೆ ಊರವರು ಮೊದಲು ಕೇಳೋದು "ಏನಾಯ್ತು?" ಅಂತ ಅಲ್ಲ, "ಯಾರದ್ದು ತಪ್ಪು?" ಅಂತ. ನಮ್ಮ ಕಡೆ ಅಂದ್ರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಗಂಡ ಕುಡಿದು ಹೊಡೀತಿದ್ದ ಅಂದ್ರೆ ಹೆಣ್ಣಿನ ಮೇಲೆ ಕನಿಕರ ಹುಟ್ಟುತ್ತೆ. ಹೆಂಡತಿ ಹೇಳದೆ ಕೇಳದೆ ಹೊರಟುಹೋದಳು ಅಂದ್ರೆ ಗಂಡನ ಮೇಲೆ ಕನಿಕರ. ಕಥೆಗೆ ಒಬ್ಬ ಕೆಟ್ಟವರು ಸಿಕ್ಕಿದ ಕೂಡಲೇ ಎಲ್ಲರೂ ತಲೆದೂಗಿ ಎದ್ದು ಹೋಗ್ತಾರೆ.

"ಇಬ್ಬರಿಗೂ ಸರಿಬರಲಿಲ್ಲ, ಇಬ್ಬರೂ ಒಪ್ಪಿ ಬಿಟ್ರು" ಅಂತ ಹೇಳಿ ನೋಡಿ, ಯಾರಿಗೂ ಸಮಾಧಾನ ಆಗಲ್ಲ. "ಜಗಳಾನೂ ಇಲ್ವಂತೆ, ಹೊಡೆದಾಟಾನೂ ಇಲ್ವಂತೆ, ಮತ್ಯಾಕ್ ಬುಟ್ರಂತೆ?" ಏನೋ ಮುಚ್ಚಿಡ್ತಾ ಇದ್ದಾರೆ ಅನ್ನೋ ಅನುಮಾನ ಶುರುವಾಗುತ್ತೆ. ಹೊಡೆದಾಡಿಕೊಂಡು ಬಿಟ್ಟವರಿಗೆ ಸಿಗೋ ಮರ್ಯಾದೆ ನೆಮ್ಮದಿಯಾಗಿ ಬಿಟ್ಟವರಿಗೆ ಸಿಗಲ್ಲ. ಬೆಂಗಳೂರಿನ ಆಫೀಸುಗಳಲ್ಲಿ ಕೂತ ನಾವು ಇದನ್ನ ಹಳ್ಳಿಯವರ ಬುದ್ಧಿ ಅಂತ ನಗಬಹುದು. ಆದ್ರೆ ನಮ್ಮ ಕ್ಯಾಂಟೀನಲ್ಲೂ ಇದೇ ಪ್ರಶ್ನೆ ಬರುತ್ತೆ, ಸ್ವಲ್ಪ ಪಾಲಿಶ್ ಆಗಿ ಬರುತ್ತೆ ಅಷ್ಟೇ.

ಈ ಅನುಮಾನದ ಹಿಂದೆ ಒಂದು ನಂಬಿಕೆ ಇದೆ. ಮದುವೆ ಮುರಿಯಬೇಕಾದರೆ ಯಾರೋ ಒಬ್ಬರು ಅಪರಾಧ ಮಾಡಿರಲೇಬೇಕು, ಯಾರೂ ಮಾಡಿಲ್ಲ ಅಂದ್ರೆ ಬಿಟ್ಟಿದ್ದೇ ಇಬ್ಬರ ಅಪರಾಧ ಅನ್ನೋದು. ಈ ನಂಬಿಕೆ ಸರಿಯಾ?

ಚುಂಚನಕಟ್ಟೆ ಜಾತ್ರೆಗೆ ಹೋದವರಿಗೆ ಗೊತ್ತು. ಎತ್ತು ಕೊಳ್ಳೋಕೆ ಬಂದ ರೈತ ಹಲ್ಲು ನೋಡ್ತಾನೆ, ಸುಳಿ ನೋಡ್ತಾನೆ, ನಡೆಸಿ ನೋಡ್ತಾನೆ. ಇಷ್ಟೆಲ್ಲ ನೋಡಿ ತಂದರೂ ಕೆಲವು ಸಲ ಜೋಡಿ ಕೂಡಲ್ಲ. ಒಂದು ಬಿರುಸು, ಇನ್ನೊಂದು ನಿಧಾನ. ಎರಡೂ ಒಳ್ಳೇ ಎತ್ತುಗಳೇ, ಆದ್ರೆ ನೊಗ ಒಂದೇ ಕಡೆ ಎಳೆಯುತ್ತೆ, ಎರಡರ ಹೆಗಲೂ ಹುಣ್ಣಾಗುತ್ತೆ. ಆಗ ಯಾವ ರೈತನೂ ಯಾವ ಎತ್ತಿನದು ತಪ್ಪು ಅಂತ ಪಂಚಾಯ್ತಿ ಸೇರಿಸಲ್ಲ. ಮನುಷ್ಯರನ್ನ ಎತ್ತಿಗೆ ಹೋಲಿಸಬಾರದು, ಒಪ್ತೀನಿ. ಎತ್ತಿನ ವಿಷಯದಲ್ಲಿರೋ ವಿವೇಕ ಮನುಷ್ಯರ ವಿಷಯಕ್ಕೆ ಬಂದಾಗ ಎಲ್ಲಿ ಹೋಗುತ್ತೆ ಅನ್ನೋದಷ್ಟೇ ನನ್ನ ಬೇಸರ. ಅದೂ ಹೆಣ್ಣು ನೋಡೋ ಶಾಸ್ತ್ರಕ್ಕೆ ನಾವು ಕೊಡೋದು ಒಂದು ಪ್ಲೇಟ್ ಕೇಸರಿಬಾತ್ ಖಾಲಿ ಆಗೋವಷ್ಟು ಹೊತ್ತು.

ನಮ್ಮ ಕಾನೂನೂ ಮೊದಲು ಊರವರ ಹಾಗೇ ಯೋಚಿಸ್ತಿತ್ತು. 1955ರಲ್ಲಿ ಹಿಂದೂ ವಿವಾಹ ಕಾಯ್ದೆ ಬಂದಾಗ ಪರಸ್ಪರ ಒಪ್ಪಿಗೆ ಮೇಲೆ ಬಿಡುಗಡೆ ಅನ್ನೋ ದಾರಿ ಅದರಲ್ಲಿ ಇರಲಿಲ್ಲ. ಅದಕ್ಕೆ ಒಂದು ವರ್ಷ ಮುಂಚೆ ಬಂದ ವಿಶೇಷ ವಿವಾಹ ಕಾಯ್ದೆಯಲ್ಲಿ ಇತ್ತು, ಆದ್ರೆ ಅದು ರಿಜಿಸ್ಟರ್ ಮದುವೆ ಆದ ಕೆಲವರಿಗೆ ಮಾತ್ರ. ಶಾಸ್ತ್ರೋಕ್ತವಾಗಿ ತಾಳಿ ಕಟ್ಟಿಸಿಕೊಂಡವರು ಒಬ್ಬರು ಇನ್ನೊಬ್ಬರ ತಪ್ಪನ್ನ ಕೋರ್ಟಲ್ಲಿ ಸಾಬೀತು ಮಾಡಬೇಕಿತ್ತು. 1976ರ ತಿದ್ದುಪಡಿಯಲ್ಲಿ 13ಬಿ ಅನ್ನೋ ಕಲಂ ಸೇರಿತು. ಅದು ಕೇಳೋದು ಮೂರೇ ವಿಷಯ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇರೆಯಾಗಿದ್ದೀರಾ? ಒಟ್ಟಿಗೆ ಬಾಳೋಕೆ ಆಗಲಿಲ್ವಾ? ಮದುವೆ ಮುಗಿಸೋಣ ಅಂತ ಇಬ್ಬರೂ ಒಪ್ಪಿದ್ದೀರಾ? ಅಷ್ಟೇ. ಯಾಕೆ ಅಂತ ಕೇಳಲ್ಲ. ಯಾರದ್ದು ತಪ್ಪು ಅಂತಾನೂ ಕೇಳಲ್ಲ.

ನನಗೆ ಈ ಕಲಮಿನಲ್ಲಿ ಇಷ್ಟವಾಗೋದು ಈ ಮೌನ. 13ನೇ ಕಲಂ ಕೆಳಗೆ ಜಗಳವಾಡಿಕೊಂಡು ಹೋದ ಕೇಸುಗಳ ಅರ್ಜಿಗಳನ್ನ ಯಾವತ್ತಾದ್ರೂ ಓದಿದ್ರೆ ಗೊತ್ತಾಗುತ್ತೆ. ಪುಟಗಟ್ಟಲೆ ಕೆಸರು. ಅತ್ತೆ ಅಂದ ಮಾತು, ಮಲಗೋ ಕೋಣೆಯ ವಿಷಯ, ಯಾರದೋ ಜೊತೆ ಮಾಡಿದ ಫೋನು. ಕೇಸು ಗೆದ್ದವರೂ ಆ ಕಾಗದವನ್ನ ಮುಂದೆ ಮಕ್ಕಳಿಗೆ ಓದೋಕೆ ಕೊಡಲಾರರು. 13ಬಿ ಅರ್ಜಿಯನ್ನ ಕೊಡಬಹುದು.

ಅದರ ದಾರಿ ಹೀಗಿದೆ. ಮದುವೆಯಾಗಿ ಒಂದು ವರ್ಷ ಆಗೋ ತನಕ, ತೀರಾ ವಿಶೇಷ ಕಷ್ಟ ಇಲ್ಲದಿದ್ರೆ, ವಿಚ್ಛೇದನದ ಅರ್ಜಿಯನ್ನೇ ಹಾಕೋ ಹಾಗಿಲ್ಲ. ಆಮೇಲೆ ಇಬ್ಬರೂ ಸೇರಿ ಒಂದೇ ಅರ್ಜಿ ಹಾಕಬೇಕು. ಮದುವೆ ನಡೆದ ಊರಿನ, ಅಥವಾ ಕೊನೆಗೆ ಇಬ್ಬರೂ ಒಟ್ಟಿಗೆ ಇದ್ದ ಊರಿನ ಕೋರ್ಟಲ್ಲಿ ಹಾಕಬಹುದು. ಅರ್ಜಿ ಹಾಕಿ ಆರು ತಿಂಗಳಾದ ಮೇಲೆ, ಹದಿನೆಂಟು ತಿಂಗಳ ಒಳಗೆ, ಇಬ್ಬರೂ ಮತ್ತೆ ಹೋಗಿ "ಈಗಲೂ ನಮ್ಮ ಮನಸ್ಸು ಇದೇ" ಅನ್ನಬೇಕು. ಜಡ್ಜು ಇಬ್ಬರನ್ನೂ ವಿಚಾರಿಸಿ, ಒಪ್ಪಿಗೆ ನಿಜವಾದದ್ದು ಅಂತ ಮನವರಿಕೆ ಆದ್ರೆ ಡಿಕ್ರಿ ಕೊಡ್ತಾರೆ. ಡೇಟಾಬೇಸ್ ಕೆಲಸ ಮಾಡೋರಿಗೆ ಟೂ-ಫೇಸ್ ಕಮಿಟ್ ಗೊತ್ತಿರುತ್ತೆ. ಮೊದಲು ಎರಡೂ ಕಡೆಯವರು "ರೆಡಿ" ಅನ್ನಬೇಕು, ಆಮೇಲೇ ಕಮಿಟ್ ಆಗೋದು, ಮಧ್ಯದಲ್ಲಿ ಒಬ್ಬರು ಬೇಡ ಅಂದ್ರೂ ಎಲ್ಲ ಮೊದಲಿನ ಹಾಗೇ. ಇದೂ ಹೆಚ್ಚುಕಡಿಮೆ ಹಾಗೆಯೇ.

"ಇದೆಲ್ಲ ಪಾಶ್ಚಾತ್ಯರ ಪ್ರಭಾವ, ನಮ್ಮ ಸಂಸ್ಕೃತಿಯಲ್ಲಿ ಡೈವೋರ್ಸ್ ಅನ್ನೋದೇ ಇಲ್ಲ" ಅನ್ನೋ ಮಾತು ಮದುವೆಮನೆ ಊಟದ ಸಾಲಲ್ಲಿ ಕೇಳಿಬರುತ್ತೆ. ಇದು ಅರ್ಧ ಸುಳ್ಳು. ಯಾರ ಸಂಸ್ಕೃತಿಯಲ್ಲಿ ಅಂತ ಕೇಳಬೇಕು. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಲ್ಲಿ 1928ರಿಂದ 1935ರ ನಡುವೆ ಮೈಸೂರು ಸಂಸ್ಥಾನದ ಜಾತಿ, ಬುಡಕಟ್ಟುಗಳ ಬಗ್ಗೆ ನಾಲ್ಕು ಸಂಪುಟ ಬಂದವು. ಅವನ್ನ ತಿರುವಿ ಹಾಕಿದ್ರೆ ಎಷ್ಟೋ ಜಾತಿಗಳಲ್ಲಿ ಕುಲದ ಪಂಚಾಯ್ತಿ ಮುಂದೆ ಬಿಡುಗಡೆ ಆಗ್ತಿದ್ದದ್ದು, ಬಿಡುಗಡೆ ಆದ ಹೆಣ್ಣು ಕೂಡಿಕೆ ಅಥವಾ ಸೀರೆ ಉಡಿಕೆ ಅಂತ ಮತ್ತೆ ಮದುವೆ ಆಗ್ತಿದ್ದದ್ದು ಕಾಣುತ್ತೆ. ಹಳ್ಳಿಗಳಲ್ಲಿ ತೀರಾ ಹಳಬರ ಹತ್ತಿರ ಸಾವಧಾನವಾಗಿ ಕೂತು ಕೇಳಿದ್ರೆ "ಅವಳು ಕೂಡಾವಳಿ ಆಗಿ ಬಂದೋಳು ಕಣಪ್ಪ" ಅಂತ ಒಂದು ಹೆಸರಾದ್ರೂ ಹೊರಗೆ ಬರುತ್ತೆ. 1955ರ ಕಾಯ್ದೆ ಬರೆದವರಿಗೂ ಇದು ಗೊತ್ತಿತ್ತು. ಅದಕ್ಕೇ 29ನೇ ಕಲಮಿನಲ್ಲಿ, ರೂಢಿಯಿಂದ ಬಂದ ಬಿಡುಗಡೆಯ ಹಕ್ಕಿಗೆ ಈ ಕಾಯ್ದೆ ಅಡ್ಡ ಬರಲ್ಲ ಅಂತ ಬರೆದರು.

ಇನ್ನೂ ಹತ್ತಿರದ ಉದಾಹರಣೆ ಬೇಕಾದ್ರೆ ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳಿಗೆ ಹೋಗಿ. ಜೇನುಕುರುಬರಲ್ಲಿ ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿ ಹೊರಟುಹೋಗಿ, ಆಮೇಲೆ ಹಾಡಿಗೆ ಮರಳಿ, ಯಜಮಾನನ ಮುಂದೆ ಹಿರಿಯರಿಂದ ಒಪ್ಪಿಗೆ ಪಡೆಯೋದು ಹಳೇ ಪದ್ಧತಿ. ಕೂಡಿ ಬರಲಿಲ್ಲ ಅಂದ್ರೆ ಬಿಡಿಸೋದೂ ಅದೇ ಯಜಮಾನ, ಅದೇ ಹಿರಿಯರು. ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ ಏನಂದ್ರೆ, ಹಿಂದೂ ವಿವಾಹ ಕಾಯ್ದೆ ಪರಿಶಿಷ್ಟ ಪಂಗಡದವರಿಗೆ ಕೇಂದ್ರ ಸರ್ಕಾರ ಬೇರೆ ಅಧಿಸೂಚನೆ ಹೊರಡಿಸದ ಹೊರತು ಅನ್ವಯಿಸೋದೇ ಇಲ್ಲ. 2ನೇ ಕಲಂ ಅದನ್ನ ಸ್ಪಷ್ಟವಾಗಿ ಹೇಳುತ್ತೆ. ಅಂದ್ರೆ ನಾಗರಹೊಳೆ ಅಂಚಿನ ಹಾಡಿಯ ಜೋಡಿಗೆ 13ಬಿ ಇಲ್ಲ, ಅವರ ರೂಢಿಯೇ ಕಾನೂನು. ಕಾಡಿನ ಅಂಚಲ್ಲಿ ಇಷ್ಟು ಹಳೆಯದಾಗಿ ಇರೋದನ್ನ ನಾವು ಅಮೆರಿಕದಿಂದ ಬಂದದ್ದು ಅಂತ ಅಂದ್ಕೊಂಡಿದ್ದೀವಿ.

ಹಾಗಂತ ಹಳೇ ಕಾಲವೇ ಚೆನ್ನಾಗಿತ್ತು ಅಂತ ಹೇಳೋಕೆ ಹೊರಟಿಲ್ಲ. ಪಂಚಾಯ್ತಿ ಕಟ್ಟೆ ಮೇಲೆ ಕೂರ್ತಿದ್ದವರು ಗಂಡಸರು. ಹೆಣ್ಣು ಕೆಳಗೆ ನಿಂತು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕಿತ್ತು. ಕೂಡಿಕೆ ಆದವಳಿಗೆ ಗಂಡ ಸಿಗ್ತಿದ್ದ, ಮರ್ಯಾದೆ ಸಿಗ್ತಿರಲಿಲ್ಲ. ಮದುವೆಮನೆ ಶಾಸ್ತ್ರಗಳಲ್ಲಿ ಅವಳು ದೂರ ನಿಲ್ಲಬೇಕಿತ್ತು. ಆಗ ಬಿಡುಗಡೆ ಇತ್ತು, ಗೌರವ ಇರಲಿಲ್ಲ. ಆಮೇಲೆ ನಮ್ಮ ಜಾತಿಗಳು ಒಂದೊಂದಾಗಿ ದೊಡ್ಡವರ ಹಾಗೆ ಆಗಬೇಕು ಅಂತ ಹೊರಟಾಗ ಮೊದಲು ಬಿಟ್ಟಿದ್ದು ಆ ಬಿಡುಗಡೆಯನ್ನೇ. ಈಗ ಎರಡೂ ಇಲ್ಲ.

ಹಳೇ ಪಂಚಾಯ್ತಿಯ ಒಂದು ತುಂಡು ಮಾತ್ರ ಉಳಿದುಕೊಂಡಿದೆ, ಅದು ಛಾಪಾ ಕಾಗದ. ಎರಡೂ ಕಡೆಯ ಹಿರಿಯರು ಕೂತು ಮಾತಾಡ್ತಾರೆ. ಚಿನ್ನ ಇಷ್ಟು ವಾಪಸ್, ಮದುವೆ ಖರ್ಚು ಇಷ್ಟು ವಾಪಸ್, ಪಾತ್ರೆ ಪಡಗ ಅವರದ್ದು ಅವರಿಗೆ. ನೂರು ರೂಪಾಯಿ ಬಾಂಡ್ ಪೇಪರ್ ಮೇಲೆ "ನಾವಿಬ್ಬರೂ ಸ್ವಇಚ್ಛೆಯಿಂದ ಬೇರೆಯಾಗಿರುತ್ತೇವೆ, ಇನ್ನು ಮುಂದೆ ಯಾರಿಗೂ ಯಾವ ಸಂಬಂಧವೂ ಇರುವುದಿಲ್ಲ" ಅಂತ ಟೈಪ್ ಮಾಡಿಸಿ, ಸಹಿ ಹಾಕಿ, ನೋಟರಿ ಸೀಲು ಒತ್ತಿಸಿದ್ರೆ ಮುಗೀತು. ಹೊಗೆಸೊಪ್ಪಿನ ಹರಾಜು ನಡೆಯೋ ಕಾಲಕ್ಕೆ ದುಡ್ಡು ಕೊಡೋದು ಅಂತ ವಾಯಿದೆ ಬೇರೆ ಇರುತ್ತೆ.

ಆ ಕಾಗದದಿಂದ ಮದುವೆ ಮುಗಿಯಲ್ಲ. ಅಂಥ ರೂಢಿ ತಮ್ಮ ಸಮುದಾಯದಲ್ಲಿ ಬಹಳ ಕಾಲದಿಂದ ಬಿಡದೆ ನಡೆದುಬಂದಿದೆ ಅಂತ ಕೋರ್ಟಲ್ಲಿ ಸಾಬೀತು ಮಾಡಿದ್ರೆ ಮಾತ್ರ ಬೇರೆ ಮಾತು, ಅದು ಸುಲಭ ಅಲ್ಲ. ಕಾಗದ ನಂಬಿ ಇನ್ನೊಂದು ಮದುವೆ ಆದ್ರೆ ಅದು ದ್ವಿಪತ್ನಿತ್ವದ ಅಪರಾಧ. ಹಳೇ ಐಪಿಸಿ 494, ಈಗ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ, ಏಳು ವರ್ಷದವರೆಗೆ ಜೈಲು. ಎರಡನೇ ಹೆಂಡತಿಗೆ ಹೆಂಡತಿ ಅನ್ನೋ ಸ್ಥಾನ ಸಿಗಲ್ಲ. ಅವಳ ಮಕ್ಕಳಿಗಾದ್ರೂ ಕಾನೂನು ಕೈಬಿಟ್ಟಿಲ್ಲ. ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ, 2023ರ ಸೆಪ್ಟೆಂಬರ್ 1ರಂದು, ಅಂಥ ಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ತಂದೆಗೆ ಬರೋ ಭಾಗದಲ್ಲಿ ಪಾಲು ಇದೆ ಅಂತ ಸುಪ್ರೀಂ ಕೋರ್ಟ್ ಹೇಳಿತು.

ಇದಕ್ಕಿಂತ ಕ್ರೂರವಾದದ್ದು ಇನ್ನೊಂದಿದೆ. ಜೀವನಾಂಶ ಕೊಡಿಸೋ ಹಳೇ ಸಿಆರ್‌ಪಿಸಿ 125, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಒಂದು ಷರತ್ತು ಹಾಕುತ್ತೆ. ಗಂಡ ಹೆಂಡತಿ ಪರಸ್ಪರ ಒಪ್ಪಿ ಬೇರೆ ವಾಸ ಮಾಡ್ತಿದ್ರೆ ಹೆಂಡತಿಗೆ ಆ ಕಲಂ ಕೆಳಗೆ ಜೀವನಾಂಶ ಇಲ್ಲ. ಅಂದ್ರೆ ಆ ನೂರು ರೂಪಾಯಿ ಕಾಗದ ಹೆಣ್ಣಿಗೆ ಬಿಡುಗಡೆಯನ್ನೂ ಕೊಡಲ್ಲ, ನಾಳೆ ಅವಳು ಜೀವನಾಂಶ ಕೇಳಿದಾಗ ಅವಳ ವಿರುದ್ಧವೇ ಸಾಕ್ಷಿಯಾಗಿ ನಿಲ್ಲಬಹುದು. ಹಿರಿಯರು ಒಳ್ಳೇ ಮನಸ್ಸಿಂದಲೇ ಬರೆಸಿರ್ತಾರೆ, ಕೋರ್ಟು ಕಚೇರಿ ಅಲೆದಾಟ ತಪ್ಪಲಿ ಅಂತ. ಒಳ್ಳೇ ಮನಸ್ಸು ಇದ್ದ ಮಾತ್ರಕ್ಕೆ ಅವಳಿಗಾದ ನಷ್ಟ ಕಡಿಮೆ ಆಗಲ್ಲ.

ಇಲ್ಲಿಗೆ ಕಾನೂನಿನ ಮಾತು ಸಾಕು. ಕಷ್ಟದ ಪ್ರಶ್ನೆ "ಒಪ್ಪಿಗೆ" ಅನ್ನೋ ಪದದಲ್ಲೇ ಇದೆ. ಕನ್ನಡದಲ್ಲಿ ಒಪ್ಪೋದು ಬೇರೆ, ಒಪ್ಪಿಸೋದು ಬೇರೆ. ಒಂದು ಅಕ್ಷರದ ವ್ಯತ್ಯಾಸ, ಅದರೊಳಗೆ ಒಬ್ಬಳ ಇಡೀ ಬದುಕು ಇರುತ್ತೆ.

ಪಿರಿಯಾಪಟ್ಟಣದ ಕಡೆಯ ಒಂದು ಮನೆ ಅಂತ ಇಟ್ಕೊಳ್ಳಿ. ಜಮೀನು ಮಾವನ ಹೆಸರಲ್ಲಿ, ತಂಬಾಕಿನ ಲೈಸೆನ್ಸು ಮಾವನ ಹೆಸರಲ್ಲಿ, ಟ್ರ್ಯಾಕ್ಟರ್ ಸಾಲ ಗಂಡನ ಹೆಸರಲ್ಲಿ. ಆರು ವರ್ಷ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ಮುಂದೆ ರಾತ್ರಿಯೆಲ್ಲ ಬೆಂಕಿ ನೋಡಿಕೊಂಡ ಹೆಣ್ಣಿನ ಹೆಸರಲ್ಲಿ ಇರೋದು ಒಂದು ಪಡಿತರ ಚೀಟಿ. ಅವಳಿಗೆ "ಮೂರು ಲಕ್ಷ ಕೊಡ್ತೀವಿ, ಚಿನ್ನ ವಾಪಸ್ ಕೊಡ್ತೀವಿ, ಜಾಯಿಂಟ್ ಅರ್ಜಿಗೆ ಸಹಿ ಹಾಕು. ಇಲ್ಲ ಅಂದ್ರೆ ಹತ್ತು ವರ್ಷ ಕೋರ್ಟಿಗೆ ಅಲೆಸ್ತೀವಿ" ಅಂದ್ರೆ ಅವಳು ಸಹಿ ಹಾಕ್ತಾಳೆ. ಜಡ್ಜು "ಸ್ವಇಚ್ಛೆಯಿಂದ ಬಂದಿದ್ದೀಯಾ ತಾಯಿ?" ಅಂತ ಕೇಳಿದಾಗ "ಹೂಂ ಸ್ವಾಮಿ" ಅಂತಾಳೆ. ಅವಳು ಒಪ್ಪಿದ್ದಾಳಾ, ಅವಳನ್ನ ಒಪ್ಪಿಸಿದ್ದಾ?

ಇದು ಗಂಡಸರಿಗೆ ಆಗಲ್ಲ ಅಂತ ಏನಿಲ್ಲ. "ಕೇಸ್ ವಾಪಸ್ ತಗೋಬೇಕಾದ್ರೆ ಇಷ್ಟು ಕೊಡು" ಅಂತ ಬೆಂಗಳೂರಿನ ಐಟಿ ಹುಡುಗನ ಹತ್ತಿರ ಕೇಳಿದಾಗ ಅವನು ಹಾಕೋ ಸಹಿಯೂ ಅಂಥದ್ದೇ. ಆದ್ರೆ ಒಂದು ವ್ಯತ್ಯಾಸ ಮರೀಬಾರದು. ಸಹಿ ಹಾಕಿದ ಮಾರನೇ ದಿನ ಅವನು ಆಫೀಸಿಗೆ ಹೋಗಿ ಲಾಗಿನ್ ಆಗ್ತಾನೆ. ಅವಳು ತವರುಮನೆಯ ಪಡಸಾಲೆಯಲ್ಲಿ, ಅಣ್ಣನ ಹೆಂಡತಿ ಮುಖ ನೋಡಿಕೊಂಡು ಊಟಕ್ಕೆ ಕೂರ್ತಾಳೆ.

ಕಾನೂನು ಇದನ್ನ ಸ್ವಲ್ಪ ಮಟ್ಟಿಗೆ ಅರ್ಥ ಮಾಡ್ಕೊಂಡಿದೆ. 1991ರಲ್ಲಿ ಸುರೇಷ್ಟಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಅನ್ನೋದು ಅರ್ಜಿ ಹಾಕಿದ ದಿನ ಇದ್ದರೆ ಸಾಲದು, ಡಿಕ್ರಿ ಆಗೋ ದಿನದವರೆಗೂ ಇರಬೇಕು, ಮಧ್ಯದಲ್ಲಿ ಯಾರು ಬೇಕಾದ್ರೂ ಹಿಂದೆ ಸರಿಯಬಹುದು ಅಂತ ಹೇಳಿತು. ಹೆದರಿಸಿ ಸಹಿ ಹಾಕಿಸಿಕೊಂಡವರಿಗೆ ಇದೊಂದು ಬಾಗಿಲು. ಇದೇ ಪ್ರಕರಣದಲ್ಲಿ "ಬೇರೆಯಾಗಿರೋದು" ಅಂದ್ರೆ ಬೇರೆ ಮನೆಯಲ್ಲೇ ಇರಬೇಕು ಅಂತ ಇಲ್ಲ, ಒಂದೇ ಸೂರಿನ ಕೆಳಗಿದ್ದೂ ಗಂಡ ಹೆಂಡತಿಯಾಗಿ ಬಾಳದಿದ್ರೆ ಅದೂ ಬೇರೆಯಾಗಿರೋದೇ ಅಂತಾನೂ ಹೇಳಿತು. ನಮ್ಮ ಎಷ್ಟೋ ತೊಟ್ಟಿಮನೆಗಳಲ್ಲಿ ಇಪ್ಪತ್ತು ವರ್ಷದಿಂದ ಮಾತಿಲ್ಲದೆ ಒಂದೇ ಸಾರು ಉಣ್ಣೋ ದಂಪತಿಗಳನ್ನ ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಆರು ತಿಂಗಳು ಕಾಯೋದು ಬೇಕಾ? ನಗರದ ಗೆಳೆಯರು ಇದನ್ನ ಸರ್ಕಾರಿ ತಡ ಅನ್ನೋ ಹಾಗೆ ನೋಡ್ತಾರೆ. ಇಬ್ಬರು ವಯಸ್ಕರು ತೀರ್ಮಾನ ಮಾಡಿದ ಮೇಲೆ ಸರ್ಕಾರದ್ದೇನು ಮಧ್ಯೆ ಅಂತ. 2017ರ ಸೆಪ್ಟೆಂಬರಿನಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಆರು ತಿಂಗಳು ಕಡ್ಡಾಯ ಅಲ್ಲ ಅಂದಿತು. ಆದ್ರೆ ಸುಮ್ಮನೆ ಅಲ್ಲ. ಅರ್ಜಿ ಹಾಕೋ ಮುಂಚೆಯೇ ಒಂದೂವರೆ ವರ್ಷ ಬೇರೆಯಾಗಿದ್ದಿರಬೇಕು, ರಾಜಿ ಮಾಡಿಸೋ ಪ್ರಯತ್ನಗಳೆಲ್ಲ ಸೋತಿರಬೇಕು, ಜೀವನಾಂಶ ಮತ್ತು ಮಕ್ಕಳ ವಿಷಯ ನಿಜವಾಗಿ ಇತ್ಯರ್ಥ ಆಗಿರಬೇಕು, ಇನ್ನೂ ಕಾಯಿಸಿದ್ರೆ ನೋವು ಬೆಳೆಯುತ್ತೆ ಅನ್ನೋದು ಕಾಣಬೇಕು. 2023ರ ಮೇ 1ರಂದು ಶಿಲ್ಪಾ ಶೈಲೇಶ್ ಪ್ರಕರಣದಲ್ಲಿ ಐವರ ಸಂವಿಧಾನ ಪೀಠ, ಸರಿಪಡಿಸಲಾಗದಷ್ಟು ಮುರಿದ ಮದುವೆಯನ್ನ 142ನೇ ವಿಧಿ ಬಳಸಿ ತಾನೇ ಮುಗಿಸಬಹುದು ಅಂದಿತು. ಅದು ಸುಪ್ರೀಂ ಕೋರ್ಟಿನ ಅಧಿಕಾರ ಮಾತ್ರ, ಕೆಳಗಿನ ಕೋರ್ಟುಗಳದ್ದಲ್ಲ.

ನನ್ನ ಮಟ್ಟಿಗೆ 2017ರ ತೀರ್ಪು ಹಿಡಿದ ದಾರಿ ಸರಿ. ಸಿಟ್ಟಿನಲ್ಲಿ ಬಂದವರಿಗೆ ಕಾಯೋದು ಒಳ್ಳೇದು, ಕಾದು ಕಾದು ಬಂದವರಿಗೆ ಮತ್ತೆ ಕಾಯಿಸೋದು ಹಿಂಸೆ. ಇನ್ನೊಂದು ಮಾತು ಸೇರಿಸ್ತೀನಿ. ಆ ಆರು ತಿಂಗಳು ಇಬ್ಬರಿಗೂ ಒಂದೇ ಉದ್ದ ಅಲ್ಲ. ತವರಿಗೆ ಬಂದು ಕೂತವಳಿಗೆ ಪ್ರತಿ ಹಬ್ಬವೂ ಒಂದು ವಿಚಾರಣೆ. "ಅಳಿಯ ಬರಲಿಲ್ವಾ?" ಅಂತ ಗೌರಿ ಹಬ್ಬಕ್ಕೆ ಕೇಳಿದವರೇ ದೀಪಾವಳಿಗೂ ಕೇಳ್ತಾರೆ. ಒಪ್ಪಂದ ಮಾಡ್ಕೊಳೋ ಗಂಡು ಇದನ್ನ ಲೆಕ್ಕಕ್ಕೆ ತಗೋಬೇಕು, ಆ ಆರು ತಿಂಗಳಿನ ಖರ್ಚನ್ನ ಕೇಳೋ ಮುಂಚೆಯೇ ಕೊಡಬೇಕು.

ಈಗ ದೊಡ್ಡ ಆಕ್ಷೇಪಣೆಗೆ ಬರ್ತೀನಿ. ನಮ್ಮ ಹಿರಿಯರು ಹೇಳೋದು ಇದು: "ಮದ್ವೆ ಅನ್ನೋದು ನಿಮ್ಮಿಬ್ರುದ್ದೇ ಏನಪ್ಪಾ? ಎರಡು ಮನೆ ಕೂಡಿರ್ತದೆ. ಅಗ್ನಿ ಮುಂದೆ, ದೇವ್ರ ಮುಂದೆ, ಸಾವಿರ ಜನದ ಮುಂದೆ ಮಾತು ಕೊಟ್ಟು, ಈಗ ಇಬ್ರೂ ಒಪ್ಪುದ್ವಿ ಅಂದ್ರೆ ಆಯ್ತಾ? ಹಂಗಾರೆ ಮಾತಿಗೇನ್ ಬೆಲೆ?" ಇದನ್ನ ಹಳೇ ಕಾಲದ ಮಾತು ಅಂತ ತಳ್ಳಿಹಾಕೋದು ತಪ್ಪು. ಕೆ.ಆರ್. ನಗರದ ಕಲ್ಯಾಣ ಮಂಟಪದ ಬಾಡಿಗೆಗೆ ಭತ್ತದ ಗದ್ದೆ ಮೇಲೆ ಸಾಲ ಎತ್ತಿದ ಅಪ್ಪನಿಗೆ ಅದನ್ನ ಕೇಳೋ ಹಕ್ಕು ಇದೆ. ಹಳ್ಳಿಯಲ್ಲಿ ಬೀಗತನ ಅಂದ್ರೆ ನಾಟಿ ಕಾಲಕ್ಕೆ ಬರೋ ಆಳು, ಆಸ್ಪತ್ರೆ ಸೇರಿದಾಗ ಬರೋ ಕೈಸಾಲ, ತಂಗಿಯ ಮದುವೆ ಮಾತುಕತೆ. ಒಂದು ಮದುವೆ ಹೋದರೆ ಇವೆಲ್ಲ ಅಲುಗಾಡುತ್ತೆ.

ಆದ್ರೂ ಆ ಮಾತಿನಲ್ಲಿ ಒಂದು ಗಂಟು ಇದೆ, ಬಿಡಿಸಿ ನೋಡೋಣ. ಯಾರೋ ನಿಮಗೆ ಸಾಲ ಕೊಟ್ಟಿದ್ದಾರೆ. ನೀವು ತೀರಿಸದೆ ತಲೆ ತಪ್ಪಿಸಿಕೊಂಡ್ರೆ ಮೋಸಗಾರರು. ಆದ್ರೆ ಸಾಲ ಕೊಟ್ಟವರೇ "ಬೇಡ ಬುಡು, ತೀರ್ತು" ಅಂದ್ರೆ? ಆಗ ನೀವು ಮೋಸಗಾರರಲ್ಲ. ಸಾಲ ಮುರಿಯಲಿಲ್ಲ, ಮುಗಿಯಿತು. ಕೊಟ್ಟ ಮಾತೂ ಹಾಗೆಯೇ. ಯಾರಿಗೆ ಮಾತು ಕೊಟ್ಟೆವೋ ಅವರೇ ಅದನ್ನ ನಮಗೆ ಹಿಂದಿರುಗಿಸಿದ್ರೆ ಅದು ಮುರಿದ ಮಾತಲ್ಲ. ಮದುವೆಯಲ್ಲಿ ಗಂಡ ಮಾತು ಕೊಟ್ಟಿದ್ದು ಹೆಂಡತಿಗೆ, ಹೆಂಡತಿ ಕೊಟ್ಟಿದ್ದು ಗಂಡನಿಗೆ. ಇಬ್ಬರೂ ಒಬ್ಬರಿಗೊಬ್ಬರು ಅದನ್ನ ಹಿಂದಿರುಗಿಸಿದ್ರೆ ಯಾರೂ ಮಾತಿಗೆ ತಪ್ಪಿದ ಹಾಗೆ ಆಗಲ್ಲ. ಹಾಗಾದ್ರೆ ಆ ಸಾವಿರ ಜನ? ಅವರು ಸಾಕ್ಷಿಗಳು. ಪತ್ರಕ್ಕೆ ಸಾಕ್ಷಿ ಹಾಕಿದವನು ಸಾಲ ಕೊಟ್ಟವನಾಗಲ್ಲ. ತಂದೆತಾಯಿಗೆ ನಾವು ಸತ್ಯ ಹೇಳಬೇಕು, ಸಮಯ ಕೊಡಬೇಕು, ಅವರು ಮಾಡಿದ ಖರ್ಚಿಗೆ ಹೆಗಲು ಕೊಡಬೇಕು. ಇಷ್ಟೆಲ್ಲ ಋಣ ಇದೆ. ಬೇಡ ಅನ್ನೋ ಅಧಿಕಾರ ಮಾತ್ರ ಅವರದ್ದಲ್ಲ.

ಈ ವಾದವನ್ನ ಇಲ್ಲಿಗೇ ನಿಲ್ಲಿಸಿದ್ರೆ ನನ್ನಂಥವರಿಗೆ ಅನುಕೂಲ. ಆದ್ರೆ ಇದೇ ವಾದ ಇನ್ನೊಂದು ಕಡೆ ತಿರುಗಿ ಕಚ್ಚುತ್ತೆ. ಮಗು ಇದ್ರೆ? ಮಗು ಸಾಕ್ಷಿ ಅಲ್ಲ. ಹುಟ್ಟಿಸಿದ ದಿನವೇ ಇಬ್ಬರೂ ಅದಕ್ಕೆ ಮಾತು ಕೊಟ್ಟಾಗಿದೆ. ಆ ಮಾತನ್ನ ಹಿಂದಿರುಗಿಸೋ ವಯಸ್ಸು ಮಗುವಿಗಿಲ್ಲ. ಹಾಗಾಗಿ ಗಂಡ ಹೆಂಡತಿ ಅನ್ನೋದು ಮುಗಿಯಬಹುದು, ಅಪ್ಪ ಅಮ್ಮ ಅನ್ನೋದು ಮುಗಿಯಲ್ಲ. ಒಂದು ಒಪ್ಪಂದ ನ್ಯಾಯವಾದದ್ದೋ ಅಲ್ವೋ ಅಂತ ನೋಡೋಕೆ ನನಗೆ ಗೊತ್ತಿರೋ ಒಳ್ಳೇ ಅಳತೆ ಇದು: ಮಗು ಹದಿನೆಂಟು ವರ್ಷಕ್ಕೆ ಬಂದು ಆ ಕಾಗದ ಓದಿದ್ರೆ ಏನನ್ನಬಹುದು? "ಮಗುವಿಗೂ ಏನೂ ಬೇಡ" ಅಂತ ತಾಯಿ ಬರೆದುಕೊಟ್ಟರೂ ಮಗುವಿನ ಜೀವನಾಂಶದ ಹಕ್ಕು ಹೋಗಲ್ಲ ಅನ್ನೋದು ನೆನಪಿರಲಿ. ಅದು ತಾಯಿಯ ಆಸ್ತಿ ಅಲ್ಲ, ಬಿಟ್ಟುಕೊಡೋಕೆ.

ಒಳ್ಳೇ ಒಪ್ಪಂದದಲ್ಲಿ ಏನಿರಬೇಕು? ಮದುವೆಗೆ ಮುಂಚೆ ತಟ್ಟೆ ಬದಲಾಯಿಸೋವಾಗ ಎಷ್ಟು ಗ್ರಾಂ ಅಂತ ಕೂತು ಬರೀತೀವಲ್ಲ, ಬಿಡೋವಾಗಲೂ ಅದೇ ಶ್ರದ್ಧೆ ಬೇಕು. ಅವಳ ಚಿನ್ನ ಅವಳಿಗೆ, ಪಟ್ಟಿ ಸಮೇತ. ದುಡ್ಡು ಎಷ್ಟು, ಯಾವ ತಾರೀಕಿಗೆ, ಬಾಕಿ ಇದ್ರೆ ಡಿಕ್ರಿಯ ದಿನ ಡಿಡಿ. ಮಗು ಯಾರ ಹತ್ತಿರ, ಬೇಸಿಗೆ ರಜೆ ಎಲ್ಲಿ, ಸ್ಕೂಲ್ ಫೀಸು ಯಾರದ್ದು, ವರ್ಷಾವರ್ಷ ಖರ್ಚು ಏರೋದಕ್ಕೆ ಏನು ಲೆಕ್ಕ. ಒಬ್ಬರ ಮೇಲೊಬ್ಬರು ಹಾಕಿದ ಕೇಸುಗಳ ಗತಿ ಏನು. ಇಬ್ಬರಿಗೂ ಒಬ್ಬನೇ ವಕೀಲ ಸಾಕು ಅನ್ನೋ ಉಳಿತಾಯದ ಮಾತಿಗೆ ಮರುಳಾಗಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರದ 1987ರ ಕಾಯ್ದೆ ಪ್ರಕಾರ ಉಚಿತ ವಕೀಲರು ಸಿಗ್ತಾರೆ. ತಾಲ್ಲೂಕು ಕೋರ್ಟಲ್ಲೇ ಅದರ ಸಮಿತಿ ಇರುತ್ತೆ. ಕಾಗದದಲ್ಲಿ ಬರೆಯೋಕಾಗದ ಇನ್ನೊಂದು ಷರತ್ತು ಇದೆ. ಊರಲ್ಲಿ ಒಬ್ಬರ ಬಗ್ಗೆ ಇನ್ನೊಬ್ಬರು ಏನು ಹೇಳ್ತೀವಿ ಅನ್ನೋದನ್ನೂ ಮಾತಾಡಿ ಇಟ್ಕೊಳ್ಳಿ. ನನಗೆ ಗೊತ್ತಿರೋ ಒಂದು ಜೋಡಿ ಬಿಟ್ಟು ಎರಡು ವರ್ಷ ಆದ್ರೂ ಹುಡುಗನ ತಾಯಿ ಊರಲ್ಲಿ "ಸೊಸೆ ಅಮೆರಿಕಕ್ಕೆ ಹೋಗವ್ಳೆ" ಅಂತಲೇ ಹೇಳ್ತಿದ್ರು. ಆ ಸುಳ್ಳನ್ನ ಹಬ್ಬ ಹಬ್ಬಕ್ಕೂ ಹೊತ್ತು ಆ ತಾಯಿ ಬಳಲಿದ್ದು, ಸತ್ಯ ಹೇಳಿ ಬಳಲೋದಕ್ಕಿಂತ ಜಾಸ್ತಿ.

ಲೋಕ ಅದಾಲತ್ ನಡೆದ ಮಾರನೇ ದಿನ ಪೇಪರಲ್ಲಿ ಒಂದು ಫೋಟೊ ಬರುತ್ತೆ. ಜಡ್ಜುಗಳ ಮುಂದೆ ದಂಪತಿಗಳು ಹಾರ ಬದಲಾಯಿಸಿಕೊಂಡು ಮತ್ತೆ ಒಂದಾದರು ಅಂತ. ನೋಡಿ ನನಗೂ ಖುಷಿ ಆಗುತ್ತೆ. ಒಂದಾಗೋಕೆ ಆಗೋರು ಒಂದಾಗಲಿ. ಆದ್ರೆ ಒಬ್ಬರಿಗೊಬ್ಬರು ಅನ್ಯಾಯ ಮಾಡದೆ, ಚಿನ್ನ ಲೆಕ್ಕ ಹಾಕಿ ಕೊಟ್ಟು, ಮಗುವಿನ ಕೈ ಇಬ್ಬರೂ ಹಿಡಿದು ಕೋರ್ಟಿನ ಮೆಟ್ಟಿಲು ಇಳಿದವರ ಫೋಟೊ ಯಾವತ್ತೂ ಬಂದಿಲ್ಲ. ಅದೂ ಒಂದು ಸಾಧನೆಯೇ ಅಂತ ನಮಗಿನ್ನೂ ಅನ್ನಿಸಿಲ್ಲ. ಚೆನ್ನಾಗಿ ಬಾಳೋಕೆ ಆಗದಿದ್ದವರು ಚೆನ್ನಾಗಿ ಬಿಟ್ಟರೆ, ಮದುವೆ ದಿನ ಕೊಟ್ಟ ಮಾತಿನಲ್ಲಿ ಉಳಿದಿದ್ದಷ್ಟನ್ನಾದ್ರೂ ನಡೆಸಿಕೊಟ್ಟ ಹಾಗೆ.

ಹಾಗಾಗಿ ಯಾರದ್ದು ತಪ್ಪು ಅನ್ನೋ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಹೊಡೆತ ಇದ್ದಲ್ಲಿ, ಮೋಸ ಇದ್ದಲ್ಲಿ ಆ ಪ್ರಶ್ನೆ ಕೇಳಲೇಬೇಕು. ಅಲ್ಲಿ "ಇಬ್ಬರೂ ಒಪ್ಪಿ" ಅನ್ನೋ ಹೊದಿಕೆ ಹೊದಿಸಬಾರದು. ಅದಿಲ್ಲದೆ ಇಬ್ಬರು ನಿಜವಾಗಿ ಒಪ್ಪಿ ಬಿಟ್ಟಲ್ಲಿ ಆ ಪ್ರಶ್ನೆ ಕೇಳೋದೇ ತಪ್ಪು. ಅಲ್ಲಿ ಕೇಳಬೇಕಾದ್ದು ಬೇರೆ: ಅವಳ ಕೈಗೆ ಏನು ಬಂತು, ಮಗುವಿಗೆ ಏನು ಉಳೀತು, ಸಹಿ ಹಾಕಿದ ದಿನ "ಇಲ್ಲ" ಅನ್ನೋ ಧೈರ್ಯ ಇಬ್ಬರಿಗೂ ಇತ್ತಾ?

ಕೊನೆಗೊಂದು ಮಾತು, ನಮ್ಮ ನಾಲಿಗೆಯ ಬಗ್ಗೆ. "ಗಂಡ ಬಿಟ್ಟವಳು" ಅಂತೀವಿ. ಗಂಡ ಅವಳನ್ನ ಬಿಟ್ಟನೋ, ಅವಳು ಗಂಡನ್ನ ಬಿಟ್ಟಳೋ, ಇಬ್ಬರೂ ಮಾತಾಡಿ ಬಿಟ್ಟರೋ, ಆ ಎರಡು ಪದದಲ್ಲಿ ಗೊತ್ತಾಗಲ್ಲ. ಗೊತ್ತು ಮಾಡ್ಕೊಳೋ ಆಸಕ್ತಿಯೂ ನಮಗಿಲ್ಲ. ಹೇಗೇ ಆಗಿದ್ರೂ ಹೆಸರು ಅವಳಿಗೇ ಅಂಟುತ್ತೆ. ಅವನಿಗೆ ಅಂಟೋ ಅಂಥ ಹೆಸರು ಯಾರ ಬಾಯಲ್ಲೂ ಇಲ್ಲ. ಮುಂದಿನ ಸಲ ಊರಿಗೆ ಹೋದಾಗ ಯಾರಾದ್ರೂ ಹಾಗಂದ್ರೆ, ಕಾನೂನಿನ ಪಾಠ ಎಲ್ಲ ಬೇಡ, ಅವಳ ಹೆಸರು ಹಿಡಿದು ಮಾತಾಡಿ ಸಾಕು.